ಮೇಕೆ ಚರ್ಮ ನಾಲ್ಕು ದಿನ ಕೆಡದಂತೆ ಇಡುವುದು ಹೇಗೆ?

ಪ್ರಶ್ನೆ (ಚಿಂತಾಮಣಿ): ನಾಳೆ ಊರಹಬ್ಬ, ಎರಡು ಮೇಕೆ ಕಡಿಯುತ್ತೇವೆ. ಚರ್ಮ ತಮಟೆಗೆ ಬೇಕು, ಆದರೆ ಹಬ್ಬ ಮುಗಿಯುವ ತನಕ ಯಾರಿಗೂ ಪುರುಸೊತ್ತಿಲ್ಲ. ಬೆನ್ನಿನ ನರವನ್ನೂ (ಬೆನ್ನಿನ ಮಾಂಸದ ಮೇಲಿನ ಬಿಳಿ ನಾರಿನ ಪಟ್ಟಿ) ಹೊಲಿಗೆಗೆ ಇಟ್ಟುಕೊಳ್ಳಬಹುದಾ?

ಉತ್ತರ 1: ಅಣ್ಣ, ಸುಲಿದ ಚರ್ಮವನ್ನು ಬಿಸಿಬಿಸಿಯಾಗಿ ಸುತ್ತಿ ಮೂಲೆಗೆ ಹಾಕಬೇಡಿ, ಒಳಗೇ ಬೆಂದಂತಾಗಿ ಕೂದಲು ಕಿತ್ತು ಬರುತ್ತೆ. ನೆರಳಲ್ಲಿ ಹರಡಿ ಆರಲಿ. ಅಂಟಿದ ಮಾಂಸ, ಕೊಬ್ಬು ಕೆರೆದು ತೆಗೆಯಿರಿ, ಅದರ ಕೆಳಗೆ ಉಪ್ಪು ಇಳಿಯಲ್ಲ. ಆಮೇಲೆ ಚರ್ಮದ ತೂಕದ ಅರ್ಧದಷ್ಟು ಪುಡಿ ಉಪ್ಪನ್ನು ಮಾಂಸದ ಬದಿಗೆ ಉಜ್ಜಿ. ಅಂಚು, ಕಾಲಿನ ಮಡಿಕೆ ಬಿಡಬೇಡಿ, ಕೊಳೆಯೋದು ಅಲ್ಲಿಂದಲೇ. ನೀರು ಬಸಿಯಲು ಇಳಿಜಾರಾಗಿ ಇಡಿ. ಬಿಸಿಲು ಬೇಡವೇ ಬೇಡ.

ಉತ್ತರ 2: ನರಕ್ಕೆ ಉಪ್ಪು ಬೇಡ. ಮಾಂಸ ಕೆರೆದು ಹಲಗೆ ಮೇಲೆ ಚಪ್ಪಟೆಯಾಗಿ ಒಣಗಿಸಿ, ಗಟ್ಟಿಯಾದರೆ ವರ್ಷಗಟ್ಟಲೆ ಇರುತ್ತೆ. ಬೇಕಾದಾಗ ನೆನೆಸಿ ಎಳೆ ಬಿಡಿಸಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ಜಿಂಕೆ ಚರ್ಮಕ್ಕೂ ಇದೇ ವಿಧಾನನಾ?

ಉತ್ತರ 1: ವಿಧಾನ ಅದೇ, ಆದರೆ ನಮ್ಮಲ್ಲಿ ಜಿಂಕೆ ಚರ್ಮ ಮುಟ್ಟೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಸತ್ತು ಬಿದ್ದಿದ್ದು ಕಂಡರೂ ಅರಣ್ಯ ಇಲಾಖೆಗೆ ತಿಳಿಸಿ. ಇನ್ನು ನಿಮ್ಮ ಮೇಕೆ ಚರ್ಮ ತಮಟೆಗೆ ಹಾಕೋ ಮುಂಚೆ ಉಪ್ಪು ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಎಳೆದು ನಾದ ಸತ್ತುಹೋಗುತ್ತೆ.