ಕಕ್ಕಸು ಗುಂಡಿಯ ಪಂಪು ಓಡುತ್ತದೆ, ಆದರೆ ನೀರು ಮೇಲೆ ಹತ್ತುತ್ತಿಲ್ಲ

ಇಳಿಜಾರುಮನೆ (ಬದಿಯಡ್ಕ): ತಲೆ ಕೆಟ್ಟು ಹೋಗಿದೆ. ಕೆಳಗಿನ ಅಂತಸ್ತಿನ ಕಕ್ಕಸಿನದ್ದೆಲ್ಲ ಒಂದು ಗುಂಡಿಗೆ ಬೀಳುತ್ತದೆ. ಅಲ್ಲಿಂದ ಪಂಪು ಮೇಲಿನ ಸೆಪ್ಟಿಕ್ ಟ್ಯಾಂಕಿಗೆ ತಳ್ಳಬೇಕು. ಪಂಪು ಓಡುತ್ತದೆ, ಸದ್ದೂ ಸರಿ ಇದೆ, ಗುಂಡಿ ಮಾತ್ರ ಖಾಲಿಯಾಗುವುದಿಲ್ಲ. ನಿನ್ನೆ ಬಚ್ಚಲಿನ ಜಾಲರಿಯಲ್ಲಿ ಉಕ್ಕಿ ಬಂತು. ನೆಂಟರು ಬೇರೆ ಇದ್ದಾರೆ. ಏನು ಮಾಡಲಿ?

ಕರೆಂಟಣ್ಣ: ವೋಲ್ಟೇಜ್. ಸಂಜೆ ಎಲ್ಲರೂ ಮೋಟ್ರು ಹಾಕುವ ಹೊತ್ತಿಗೆ ನಮ್ಮ ಲೈನಿನಲ್ಲಿ ಏನೂ ಉಳಿಯುವುದಿಲ್ಲ. ಕೆಪಾಸಿಟರ್ ಬದಲಾಯಿಸಿ ನೋಡಿ.

ಪೈಪುಪಾನೆ (ಮುಳ್ಳೇರಿಯ): ಪಂಪು ಕೊಳಚೆಯದ್ದಾ, ಬರೀ ನೀರಿನದ್ದಾ? ಪೈಪು ಎಷ್ಟು ಇಂಚು? ಎಷ್ಟು ಎತ್ತರ? ಎನ್‌ಆರ್‌ವಿ (ಮೇಲೆ ಹೋದ ನೀರು ವಾಪಸ್ ಬಾರದ ಹಾಗೆ ತಡೆಯುವ ವಾಲ್ವು) ಇದೆಯಾ? ನೀರು ಏರಿದಾಗ ಪಂಪು ಚಾಲೂ ಮಾಡುವ ಫ್ಲೋಟು ಗೋಡೆಗೆ ತಾಗುತ್ತದಾ? ಇದೇನೂ ಹೇಳದೆ "ಏನು ಮಾಡಲಿ" ಅಂದ್ರೆ ಶಾಸ್ತ್ರ ಕೇಳಿದ ಹಾಗಾಯ್ತು.

ಇಳಿಜಾರುಮನೆ: ಕೊಳಚೆ ಪಂಪೇ, 1 ಎಚ್‌ಪಿ. ಪೈಪು 2 ಇಂಚು, ಎತ್ತರ 14 ಅಡಿ. ಎನ್‌ಆರ್‌ವಿ ಇಲ್ಲದೆ ಆಗುತ್ತದಾ ಮಾರಾಯ್ರೇ, ಮೊನ್ನೆ ಗುಂಡಿ ಖಾಲಿ ಮಾಡಿಸಿ ಹೊಸದೇ ಹಾಕಿಸಿದ್ದು.

ಕರೆಂಟಣ್ಣ: ಮೀಟರ್ ಇಟ್ಟು ನೋಡಿದ್ರಾ? ಸ್ಟೆಬಿಲೈಸರ್ ಹಾಕಿ. ನನ್ನದು ಹಾಗೇ ಸರಿಯಾದದ್ದು.

ಉಪ್ಪಳದವ: ನಿಮ್ಮದು ಬಾವಿ ಪಂಪು ಅಲ್ವಾ? ಇಲ್ಲಿ ಮಾತಾಡ್ತಿರುವುದು ಬೇರೆ. ಎನ್‌ಆರ್‌ವಿ ಮೇಲೆ ಬಾಣದ ಗುರುತು ಇರುತ್ತದೆ, ಅದು ಮೇಲ್ಮುಖವಾಗಿದೆಯಾ ನೋಡಿ. ಉಲ್ಟಾ ಕೂರಿಸುವವರೂ ಇದ್ದಾರೆ.

ತೋಟದಮನೆ: ಇದಕ್ಕೇ ನಾನು ಕೆಳಗೆ ಕಕ್ಕಸು ಕಟ್ಟಿಸಲೇ ಇಲ್ಲ. ನಮ್ಮಲ್ಲಿ ಮುರಕಲ್ಲು ಗುಡ್ಡದ ಸುರಂಗದ ನೀರು ತಾನಾಗಿ ಅಂಗಳದ ಟ್ಯಾಂಕಿಗೆ ಇಳಿಯುತ್ತದೆ, ಕರೆಂಟಿನ ಹಂಗೇ ಇಲ್ಲ. ಅಡಿಕೆ ತೋಟಕ್ಕೆ 5 ಎಚ್‌ಪಿ ಸೋಲಾರ್. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಸ್ಪ್ರಿಂಕ್ಲರ್ ಶುರು. ಫೋಟೊ ಬೇಕಾದ್ರೆ ಹಾಕ್ತೇನೆ.

ಉಪ್ಪಳದವ: ಭಾವ, ನಿಮ್ಮ ನೀರು ಕೆಳಗೆ ಬರುವುದು. ಇವರದ್ದು ಮೇಲೆ ಹೋಗಬೇಕು.

ಇಳಿಜಾರುಮನೆ: ಬಾಣ ಸರಿಯಾಗಿದೆ. ವೋಲ್ಟೇಜ್ 218. ಒಂದು ವಿಚಿತ್ರ ಅಂದ್ರೆ, ಪಂಪಿನ ಹಗ್ಗ ಹಿಡಿದು ಸ್ವಲ್ಪ ಎತ್ತಿ ವಾಲಿಸಿದರೆ ಗುಳುಗುಳು ಅಂತ ಗುಳ್ಳೆ ಬರುತ್ತದೆ. ಆಮೇಲೆ ಒಮ್ಮೆ ಚೆನ್ನಾಗಿ ಎಳೆಯುತ್ತದೆ. ಇದು ಮುಖ್ಯ ಅಲ್ಲ ಅಂತ ಬರೆದಿರಲಿಲ್ಲ.

ಪೈಪುಪಾನೆ: ಮುಖ್ಯ ಅಲ್ವಂತೆ! ಅದೇ ರೋಗ. ಗಾಳಿ ಸಿಕ್ಕಿಕೊಂಡಿದೆ. ಗುಂಡಿ ಖಾಲಿ ಮಾಡಿದಾಗ ಪಂಪಿನ ಹೊಟ್ಟೆಗೆ ಗಾಳಿ ಹೋಗಿದೆ. ಮೇಲೆ ಎನ್‌ಆರ್‌ವಿ, ಅದರ ಮೇಲೆ 14 ಅಡಿ ನೀರು ಒತ್ತಿ ಕೂತಿದೆ. ಗಾಳಿ ಎಲ್ಲಿಗೆ ಹೋಗಬೇಕು? ನೀರು ತಳ್ಳುವ ಚಕ್ರ ಗಾಳಿಯಲ್ಲೇ ತಿರುಗುತ್ತದೆ. ಪಂಪಿಗೂ ಎನ್‌ಆರ್‌ವಿಗೂ ನಡುವಿನ ಪೈಪಿನಲ್ಲಿ, ಗುಂಡಿಯ ಒಳಗೇ, 5 ಮಿ.ಮೀ. ತೂತು ಕೊರೆಯಿಸಿ. ಓರೆಯಾಗಿ, ಚಿಮ್ಮುವ ನೀರು ಕೆಳಗೆ ಬೀಳುವ ಹಾಗೆ. ಎನ್‌ಆರ್‌ವಿಯ ಮೇಲೆ ಕೊರೆದರೆ ಪೈಪಿನ ನೀರೆಲ್ಲ ವಾಪಸ್.

ಕರೆಂಟಣ್ಣ: 218 ಅಂದ್ರೂ ಲೋಡ್ ಬಿದ್ದಾಗ ಇಳಿಯುತ್ತದೆ.

ಪೈಪುಪಾನೆ: ಹಾಗಾದರೆ ಪಂಪು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ವಯರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಲಿ. ಚಕ್ರ ಜಾಮ್ ಆದರೂ, ವೋಲ್ಟೇಜ್ ತೀರಾ ಬಿದ್ದರೂ ಆಂಪ್ಸ್ ಏರುತ್ತದೆ. ಗಾಳಿ ಇದ್ದರೆ ಪಂಪಿನ ಪ್ಲೇಟಿನಲ್ಲಿ ಬರೆದದ್ದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ.

ಉಪ್ಪಳದವ: ಕೊಳಚೆಯಲ್ಲಿ 5 ಮಿ.ಮೀ. ತೂತು ಎಷ್ಟು ದಿನ ಬಾಳುತ್ತದೆ? ಒಂದು ಕೂದಲು ಸಾಕು ಕಟ್ಟಿಕೊಳ್ಳಲಿಕ್ಕೆ.

ಪೈಪುಪಾನೆ: ಕಟ್ಟಿಕೊಂಡರೆ ಮುಚ್ಚಳ ತೆಗೆದು ತಂತಿ ಹಾಕುವುದು. ಮಕ್ಕಳನ್ನು ಒರೆಸುವ ವೈಪ್ಸ್ ಕಕ್ಕಸಿಗೆ ಹಾಕದಿದ್ದರೆ ಅರ್ಧ ತೊಂದರೆ ಇಲ್ಲ. ಇನ್ನೊಂದು: ಯಾರೂ ಗುಂಡಿಗೆ ಇಳಿಯಬೇಡಿ, ತಲೆ ಕೂಡ ಒಳಗೆ ಹಾಕಬೇಡಿ. ಒಳಗಿನ ಗ್ಯಾಸಿಗೆ ನಿಮಿಷದಲ್ಲಿ ಜೀವ ಹೋದದ್ದುಂಟು. ಮೇನ್ ಆಫ್ ಮಾಡಿ, ಪಂಪನ್ನು ಪೈಪು ಸಮೇತ ಮೇಲೆತ್ತಿಯೇ ಕೊರೆಯಿರಿ.

ತೋಟದಮನೆ: ಸೋಲಾರ್ ಫೋಟೊ ಹಾಕಿದ್ದೇನೆ. ಪ್ಯಾನೆಲ್ ಕೆಳಗೆ ಕಾಳುಮೆಣಸಿನ ನರ್ಸರಿ, ನೋಡಿ.

ಉಪ್ಪಳದವ: ನರ್ಸರಿ ಭಾರೀ ಲಾಯ್ಕುಂಟು. ಬಳ್ಳಿ ಯಾವ ಜಾತಿ, ಪಣಿಯೂರಾ?

ಇಳಿಜಾರುಮನೆ: ಆಂಪ್ಸ್ ಅರ್ಧಕ್ಕಿಂತ ಕಡಿಮೆ ಇತ್ತು. ತೂತು ಕೊರೆಸಿದೆ. ಗುಂಡಿ ಖಾಲಿಯಾಯಿತು! ಪಂಪು ಓಡುವಾಗ ಒಳಗೆ ಚಿರ್ರ್ ಅಂತ ನೀರು ಹಾರುತ್ತದೆ, ಪರವಾಗಿಲ್ವಾ?

ಪೈಪುಪಾನೆ: ಹಾರಲೇಬೇಕು.

ಇಳಿಜಾರುಮನೆ: ಆದರೆ ಕೆಳಗಿನ ಕೋಣೆಯಲ್ಲಿ ವಾಸನೆ ಹೋಗಲಿಲ್ಲ. ಮುಂಚಿನಿಂದಲೂ ಇದೆ.

ಪೈಪುಪಾನೆ: ಗುಂಡಿಯ ಗ್ಯಾಸ್ ಹೊರಗೆ ಬಿಡುವ ಗಾಳಿ ಪೈಪು ಮಾಡಿನ ಮೇಲಿನವರೆಗೆ ಹೋಗಿದೆಯಾ?

ಇಳಿಜಾರುಮನೆ: ಗಾಳಿ ಪೈಪಾ? ಅದು ಬೇರೆ ಬೇಕಾ?

ಪೈಪುಪಾನೆ: ಮುಚ್ಚಳದ ಫೋಟೊ ಹಾಕಿ ಮಾರಾಯ್ರೇ.