ನಲವತ್ತು ಸಮೀಪಿಸುತ್ತಿದೆ, ಸ್ಕೇಟ್‌ಬೋರ್ಡ್ ಬಿಡುವ ಮನಸ್ಸಿಲ್ಲ: ಏನನ್ನು ಬದಲಿಸಿಕೊಳ್ಳಬೇಕು?

ಪ್ರಶ್ನೆ

ಹದಿಹರೆಯದಲ್ಲಿ ಹತ್ತಿದ ಸ್ಕೇಟ್‌ಬೋರ್ಡಿಂಗ್ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ಉದ್ಯೋಗ, ಸಂಸಾರ ಮತ್ತು ಮಕ್ಕಳ ಓದಿನ ನಡುವೆ ಬೋರ್ಡಿನ ಮೇಲೆ ನಿಲ್ಲುವ ಸಮಯ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಮೆಟ್ಟಿಲುಗಳ ಮೇಲಿಂದ ಹಾರಿ ಇಳಿಯುವುದೇ ಒಂದು ಕಾಲಕ್ಕೆ ನನ್ನ ಆಟದ ಜೀವಾಳವಾಗಿತ್ತು. ಈಗ ಹಾಗೆ ಹಾರಿದರೆ ಮರುದಿನ ಬಲ ಮಂಡಿ ಊದಿಕೊಳ್ಳುತ್ತದೆ. ಹಾರುತ್ತ ಬೋರ್ಡನ್ನು ಕಾಲಿನಿಂದ ಒಂದು ಸುತ್ತು ಮಗುಚುವ ಕಿಕ್‌ಫ್ಲಿಪ್ ಒಂದು ದಿನ ಕೈಹಿಡಿದರೆ ಮರುವಾರ ಕೈಕೊಡುತ್ತದೆ. ಮನೆಯಲ್ಲಿ ಯಾರೂ ಬೇಡವೆಂದಿಲ್ಲ, ಆದರೆ ನಾನು ಬಿದ್ದು ಮಲಗಿದರೆ ಮುಂದೇನು ಎಂಬ ಆತಂಕ ಅವರ ಮುಖದಲ್ಲಿ ಕಾಣುತ್ತದೆ. ಈ ಆಟವನ್ನು ಐವತ್ತು ದಾಟಿದ ಮೇಲೂ ಉಳಿಸಿಕೊಂಡಿರುವವರು ಯಾವುದನ್ನು ಬಿಟ್ಟಿರಿ, ಯಾವುದನ್ನು ಹಿಡಿದುಕೊಂಡಿರಿ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ಮಂಡಿಗೆ ತೊಂದರೆ ಕೊಡುತ್ತಿರುವುದು ಸ್ಕೇಟ್‌ಬೋರ್ಡಿಂಗ್ ಅಲ್ಲ, ಸಮತಟ್ಟಾದ ನೆಲಕ್ಕೆ ಎತ್ತರದಿಂದ ಇಳಿಯುವುದು ಎಂದು ನನಗನ್ನಿಸುತ್ತದೆ. ಮೆಟ್ಟಿಲಿನಿಂದ ಹಾರಿದಾಗ ದೇಹ ಕೆಳಮುಖವಾಗಿ ಪಡೆದ ವೇಗವೆಲ್ಲ ನೆಲ ತಾಕಿದ ಕ್ಷಣದಲ್ಲೇ ನಿಲ್ಲಬೇಕು. ಆ ಪೆಟ್ಟನ್ನು ಹರಡು, ಮಂಡಿ ಮತ್ತು ಸೊಂಟ ಹಂಚಿಕೊಳ್ಳುತ್ತವೆ. ಬೌಲ್ ಎಂಬ ಬೋಗುಣಿಯಾಕಾರದ ಹೊಂಡ ಅಥವಾ ಮಿನಿ ರ‍್ಯಾಂಪಿನ ಬಾಗಿದ ಗೋಡೆಗೆ ಇಳಿದಾಗಲಾದರೋ ಅದೇ ವೇಗ ಬಾಗುವಿಕೆಯನ್ನು ಅನುಸರಿಸಿ ಮುಂದಿನ ಓಟವಾಗಿ ತಿರುಗುತ್ತದೆ. ಮಂಡಿ ಮಡಿಸಿ ಚಾಚುತ್ತ ಗೋಡೆಯಿಂದ ಗೋಡೆಗೆ ವೇಗ ಕೂಡಿಸಿಕೊಳ್ಳುವ ಪಂಪಿಂಗ್ ಒಂದನ್ನೇ ಸರಿಯಾಗಿ ಕಲಿಯಲು ವರ್ಷಗಳು ಬೇಕು, ಅದರಲ್ಲಿ ಸಿಗುವ ಸುಖವೂ ಕಡಿಮೆಯದಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಸ್ಪರ್ಧಿಸಿದ ಆಂಡಿ ಮ್ಯಾಕ್‌ಡೊನಾಲ್ಡ್ ಅವರಿಗೆ ಆಗ 51 ವರ್ಷ. ಅವರು ಇಳಿದದ್ದು ಬಾಗಿದ ಗೋಡೆಗಳಿರುವ ಪಾರ್ಕ್ ವಿಭಾಗಕ್ಕೆ, ಮೆಟ್ಟಿಲು ಮತ್ತು ಕಂಬಿಗಳ ಸ್ಟ್ರೀಟ್ ವಿಭಾಗಕ್ಕಲ್ಲ. ಇದು ಕೇವಲ ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ.

ಹತ್ತಿರದಲ್ಲಿ ಬೌಲ್ ಇಲ್ಲದಿದ್ದರೆ ರಸ್ತೆಬದಿಯ ಅಂಚುಗಲ್ಲು ಸಾಕು. ಸ್ಲ್ಯಾಪಿ ಎಂಬ ಹಳೆಯ ತಂತ್ರದಲ್ಲಿ ಆಲಿ, ಅಂದರೆ ಬೋರ್ಡಿನ ಹಿಂತುದಿಯನ್ನು ನೆಲಕ್ಕೆ ಬಡಿದು ಬೋರ್ಡಿನ ಸಮೇತ ಹಾರುವ ಅಗತ್ಯವೇ ಇಲ್ಲ: ಅಂಚಿಗೆ ಓರೆಯಾಗಿ ಬಂದು, ಮುಂಗಾಲಿನ ಭಾರವನ್ನು ಹಗುರಗೊಳಿಸಿ, ಮುಂದಿನ ಟ್ರಕ್ಕನ್ನು (ಚಕ್ರಗಳನ್ನು ಬೋರ್ಡಿಗೆ ಜೋಡಿಸುವ ಲೋಹದ ಅಚ್ಚು) ಕಲ್ಲಿನ ಮೇಲೆ ಏರಿಸಿದರೆ ಹಿಂದಿನದು ತಾನಾಗಿ ಹಿಂಬಾಲಿಸುತ್ತದೆ. ಟ್ರಕ್ಕು ಕಲ್ಲಿಗೆ ಉಜ್ಜುತ್ತ ಜಾರುವ ಗ್ರೈಂಡಿನ ಸದ್ದು ನಿಮಗೆ ಬೇಕಾದಷ್ಟು ಸಿಗುತ್ತದೆ, ಬಿದ್ದರೂ ಗೇಣುದ್ದದ ಎತ್ತರದಿಂದ ಬೀಳುತ್ತೀರಿ. ಇದರ ಜೊತೆಗೆ ಎರಡೇ ಚಕ್ರಗಳ ಮೇಲೆ ಸಾಗುವ ಮ್ಯಾನ್ಯುಯಲ್ ಮತ್ತು ಮುಂಗಾಲನ್ನು ನೆಲಕ್ಕೂರಿ ಬೋರ್ಡನ್ನು ಚಿಮ್ಮಿಸುವ ನೋ ಕಂಪ್ಲೈ ಸೇರಿಸಿಕೊಂಡರೆ ಇಡೀ ಸಂಜೆ ಕಳೆದದ್ದು ತಿಳಿಯುವುದಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ವಯಸ್ಸಾಯಿತೆಂದು ಸುಲಭವಾದುದನ್ನು ಮಾತ್ರ ಆಡುತ್ತ ಹೋದರೆ ಹುಚ್ಚು ಮೆಲ್ಲಗೆ ಅಭ್ಯಾಸವಾಗಿ, ಅಭ್ಯಾಸ ಕೊನೆಗೆ ನೆನಪಾಗಿ ಉಳಿಯುತ್ತದೆ. ಇನ್ನೂ ಬಾರದ ಒಂದು ಟ್ರಿಕ್ ಸದಾ ಕೈಯಲ್ಲಿರಬೇಕು. ಅದು ಎತ್ತರದ್ದಾಗಬೇಕಿಲ್ಲ, ಸಮತಟ್ಟು ನೆಲದ ಫ್ರೀಸ್ಟೈಲ್ ಎಷ್ಟು ಆಳವಾದದ್ದೆಂದು ತಿಳಿಯಲು ಅಮೆರಿಕದ ಫ್ರೀಸ್ಟೈಲ್ ಸ್ಕೇಟರ್ ರಾಡ್ನಿ ಮುಲ್ಲೆನ್ ಆಡಿರುವುದನ್ನು ನೋಡಿದರೆ ಸಾಕು. ಇಂದಿನ ಸ್ಟ್ರೀಟ್ ಆಟದ ಎಷ್ಟೋ ಫ್ಲಿಪ್‌ಗಳು ಹುಟ್ಟಿದ್ದು ಒಂದು ಕೋಣೆಯಷ್ಟು ಜಾಗದಲ್ಲಿ.

ಅಮೆರಿಕದ ಖ್ಯಾತ ಸ್ಕೇಟರ್ ಟೋನಿ ಹಾಕ್ ಅವರ ಉದಾಹರಣೆಯನ್ನು ಇಂತಹ ಚರ್ಚೆಗಳಲ್ಲಿ ಯಾರಾದರೂ ತಂದೇ ತರುತ್ತಾರೆ, ಆದ್ದರಿಂದ ನಾನೇ ತಂದುಬಿಡುತ್ತೇನೆ. ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗುವ 900 ಅನ್ನು ಅವರು 1999ರಲ್ಲಿ ಮೊದಲು ಸಾಧಿಸಿ, 2016ರಲ್ಲಿ, 48ರ ವಯಸ್ಸಿನಲ್ಲಿ, ಮತ್ತೆ ಮಾಡಿ ತೋರಿಸಿದರು. ಅದೇ ಹಾಕ್ 2022ರಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು ಎಂಬುದನ್ನೂ ಮರೆಯುವಂತಿಲ್ಲ. ಬೋರ್ಡೇ ಅವರ ವೃತ್ತಿ; ಚೇತರಿಸಿಕೊಳ್ಳಲು ಅವರಿಗಿರುವ ಬಿಡುವು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಇರುವುದಿಲ್ಲ. ಹುರುಪಿಗೆ ಅವರನ್ನು ನೋಡಿ, ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ.

ಉತ್ತರ 3

ಪ್ರತಿ ಸಲ ಹಾರಿದ ಮರುದಿನ ಒಂದೇ ಮಂಡಿ ಊದುತ್ತಿದೆ ಎಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಸರಿಯಲ್ಲ. ಕೀಲಿನೊಳಗೆ ನೀರು ತುಂಬಿಕೊಳ್ಳುವುದು ಅಲ್ಲಿನ ಮೃದ್ವಸ್ಥಿಗೋ ಮಂಡಿಯೊಳಗೆ ಮೆತ್ತೆಯಂತಿರುವ ಮಿನಿಸ್ಕಸ್ಸಿಗೋ ಪೆಟ್ಟಾಗಿರುವುದರ ಸೂಚನೆಯೂ ಆಗಿರಬಹುದು. ಮೊದಲು ಮೂಳೆತಜ್ಞರಿಗೆ ತೋರಿಸಿ, ಆಮೇಲೆ ಬೌಲ್ ಬೇಕೋ ಅಂಚುಗಲ್ಲು ಬೇಕೋ ಎಂದು ನಿರ್ಧರಿಸಿ.

ಮಣಿಕಟ್ಟಿನ ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. ಬೀಳುವಾಗ ಅಂಗೈ ಊರುವುದು ಸಹಜ ಪ್ರವೃತ್ತಿ, ಅದರಿಂದ ಮುರಿಯುವ ಸಣ್ಣ ಮೂಳೆಗಳಲ್ಲಿ ಸ್ಕೇಫಾಯ್ಡ್ ಮುಖ್ಯವಾದದ್ದು. ಅದರ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ರಕ್ತ ಪೂರೈಕೆ ಕಡಿಮೆಯಿರುವ ಮೂಳೆಯಾದ್ದರಿಂದ ಕೂಡುವುದೂ ನಿಧಾನ. ಬಿದ್ದ ಮೇಲೆ ಹೆಬ್ಬೆರಳಿನ ಬುಡದಲ್ಲಿ ನೋವು ಉಳಿದರೆ ಉಳುಕೆಂದು ಪಟ್ಟಿ ಸುತ್ತಿ ಕೂರಬೇಡಿ. ಮಣಿಕಟ್ಟಿನ ಗಾರ್ಡ್ ಧರಿಸಿದರೆ ಚೆಂದ ಕಾಣುವುದಿಲ್ಲ ಎಂಬ ದೂರು ನನಗೂ ಗೊತ್ತು, ಹದಿನಾರರ ಹುಡುಗರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಸರಿಯಿದ್ದಂತೆ ಕಂಡರೂ ಅದನ್ನು ಬದಲಿಸಿ.

ಸಮಯದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ತಿಂಗಳಿಗೊಮ್ಮೆ ಇಡೀ ದಿನ ಸಿಗಲೆಂದು ಕಾಯುವವನಿಗಿಂತ ವಾರಕ್ಕೆ ಎರಡು ಮೂರು ಸಲ ಅರ್ಧ ಗಂಟೆ ಆಡುವವನ ಕಾಲು ಹದವಾಗಿರುತ್ತದೆ. ಮೊದಲ ಐದು ನಿಮಿಷ ಬರೇ ತಳ್ಳುತ್ತ ಸುತ್ತಿ ಮೈ ಬಿಸಿಮಾಡಿಕೊಳ್ಳಿ. ಮಕ್ಕಳು ಒಪ್ಪಿದರೆ ಅವರನ್ನೂ ಬೋರ್ಡ್ ಹತ್ತಿಸಿ, ಒಪ್ಪದಿದ್ದರೆ ಒತ್ತಾಯ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಂಡಿಯನ್ನು ಈ ವಾರವೇ ತೋರಿಸುತ್ತೇನೆ. ವೈದ್ಯರು ಒಪ್ಪಿದರೆ ಸ್ಲ್ಯಾಪಿಯಿಂದ ಆರಂಭಿಸುವ ಯೋಚನೆಯಿದೆ, ಆದರೆ ನಮ್ಮ ಓಣಿಯ ಡಾಂಬರು ಒರಟು. ನನ್ನಲ್ಲಿರುವುದು 52 ಮಿಲಿಮೀಟರಿನ, 101ಎ ಗಡಸುತನದ (ಅಂಕಿ ಹೆಚ್ಚಿದಷ್ಟು ಚಕ್ರ ಗಟ್ಟಿ) ಚಕ್ರಗಳು. ಅವು ಸಾಕಾದಾವೆ?

ಉತ್ತರ 1

ಅವು ನುಣುಪಾದ ಕಾಂಕ್ರೀಟಿಗೆ ಹೊಂದುವ ಚಕ್ರಗಳು. ಒರಟು ಡಾಂಬರಿನಲ್ಲಿ ಪಾದ ಜುಮ್ಮೆನ್ನುವಷ್ಟು ಅದುರುತ್ತವೆ, ಸಣ್ಣ ಕಲ್ಲಿಗೂ ಸಿಕ್ಕಿ ನಿಂತುಬಿಡುತ್ತವೆ. ಓಣಿಯಲ್ಲಿ ಸುತ್ತಾಡಲು 56ರಿಂದ 60 ಮಿಲಿಮೀಟರಿನ, 78ಎ ಆಸುಪಾಸಿನ ಮೆದು ಚಕ್ರಗಳು ಹಿತ, ಆದರೆ ಅಂಚುಗಲ್ಲಿನ ಮೇಲೆ ಅವು ಜಾರದೆ ಹಿಡಿದುಕೊಳ್ಳುತ್ತವೆ. ಹಾಗಾಗಿ ಎರಡು ಸೆಟ್ ಇಟ್ಟುಕೊಳ್ಳುವುದೇ ಒಳ್ಳೆಯದು. ದೊಡ್ಡ ಚಕ್ರ ಹಾಕುವಾಗ ತಿರುವಿನಲ್ಲಿ ಅದು ಬೋರ್ಡಿನ ಅಡಿಗೆ ತಾಗಿ ನಿಮ್ಮನ್ನು ಎಸೆಯದಂತೆ ಟ್ರಕ್ಕಿಗೂ ಬೋರ್ಡಿಗೂ ನಡುವೆ ರೈಸರ್ ಪ್ಯಾಡ್ ಎಂಬ ತೆಳು ಬಿಲ್ಲೆ ಇಡಲು ಮರೆಯಬೇಡಿ.