ಮೈನಸ್ 25ರಲ್ಲಿ ಸೈಕಲ್ ತುಳಿದು ಹೋಗಿಬರುವುದು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ಚಿಕ್ಕಬಳ್ಳಾಪುರದ ಅಧ್ಯಾಪಕಿ

ಮೂರು ವರ್ಷಗಳಿಂದ ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮದ ಕಡೆಗಿರುವ ಶಾಲೆಗೆ ಸೈಕಲ್‌ನಲ್ಲೇ ಹೋಗಿಬರುತ್ತಿದ್ದೇನೆ. ಜನವರಿಯಲ್ಲಿ ಹೆಚ್ಚಿನ ಓದಿಗಾಗಿ ಕೆನಡಾದ ಎಡ್ಮಂಟನ್‌ಗೆ ಹೊರಟಿದ್ದೇನೆ. ಗೊತ್ತುಮಾಡಿಕೊಂಡಿರುವ ಕೋಣೆಯಿಂದ ವಿಶ್ವವಿದ್ಯಾಲಯಕ್ಕೆ 6 ಕಿಲೋಮೀಟರ್ ಇದೆ, ಅಷ್ಟನ್ನು ಅಲ್ಲಿಯೂ ಸೈಕಲ್‌ನಲ್ಲೇ ಕ್ರಮಿಸಬೇಕೆಂಬುದು ನನ್ನ ಆಸೆ. ಚಕ್ರದ ಅಂಚಿನ ಬಳೆಯನ್ನು ಒತ್ತಿ ಹಿಡಿಯುವ ರಿಮ್ ಬ್ರೇಕ್ ಸಾಕೇ ಅಥವಾ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಬೇಕೇ? ಮಾಗಿಯಲ್ಲಿ ನನಗೆ ಸ್ವಲ್ಪ ಉಬ್ಬಸವಾಗುತ್ತದೆ, ಅದಕ್ಕೆ ಏನು ಮಾಡಬೇಕು? ಈ ಎರಡೇ ಪ್ರಶ್ನೆಗಳು.

ತುಮಕೂರು, ಬಟವಾಡಿ

ನೀವು ಸರಿಯಾದ ಊರಿನ ಹೆಸರನ್ನೇ ಹೇಳಿದಿರಿ. ನಾನು ಎಡ್ಮಂಟನ್‌ನಲ್ಲಿ ಮೂರು ಚಳಿಗಾಲ ಸೈಕಲ್ ತುಳಿದು, ಎರಡು ವರ್ಷಗಳ ಹಿಂದೆ ಊರಿಗೆ ಮರಳಿದವನು. ಮೊದಲ ವರ್ಷ 180 ಡಾಲರಿಗೆ ಹಳೆಯ ಸೈಕಲ್ ಕೊಂಡೆ. ನವೆಂಬರ್ ತಿಂಗಳು ಏನೂ ತೊಂದರೆಯಾಗಲಿಲ್ಲವಾದ್ದರಿಂದ, ಇಷ್ಟಕ್ಕೇ ಜನ ಹೆದರುತ್ತಾರಲ್ಲ ಎಂದು ಮನೆಗೆ ಫೋನ್ ಮಾಡಿ ಕೊಚ್ಚಿಕೊಂಡೂ ಆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಮೈನಸ್ 27 ಇದ್ದಾಗ, ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಹಗುರವಾಯಿತು. ಮುಂದಕ್ಕೆ ತುಳಿದರೂ ತಿರುಗುತ್ತದೆ, ಹಿಂದಕ್ಕೆ ತುಳಿದರೂ ತಿರುಗುತ್ತದೆ, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತೇ ಇದೆ. ಚೈನು ತುಂಡಾಗಿದೆ ಎಂದುಕೊಂಡು ಬಗ್ಗಿ ನೋಡಿದರೆ ಚೈನು ಸರಿಯಾಗಿಯೇ ಇತ್ತು.

ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗಿನ ಗ್ರೀಸು ನಮ್ಮಲ್ಲಿ ಮಾಗಿಯ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುವಂತೆ ಗಟ್ಟಿಯಾಗಿ, ಚಕ್ರವನ್ನು ಕಚ್ಚಿ ಹಿಡಿಯಬೇಕಾದ ಸಣ್ಣ ಹಲ್ಲುಗಳು ಮೇಲೇಳದೆ ಅಂಟಿಕೊಂಡಿದ್ದವು ಎಂಬುದು ನನಗೆ ತಿಳಿದದ್ದು ಮೂರು ವಾರಗಳ ನಂತರ. ಅಷ್ಟರಲ್ಲಿ ಒಂದು ಅಂಗಡಿಯವರು 65 ಡಾಲರ್ ವಸೂಲಿ ಮಾಡಿದ್ದರು. ಅವರು ಮಾಡಿದ ರಿಪೇರಿ ಏನೆಂದರೆ, ಸೈಕಲನ್ನು ಒಂದು ರಾತ್ರಿ ಬೆಚ್ಚಗಿನ ಅಂಗಡಿಯೊಳಗೆ ನಿಲ್ಲಿಸಿದ್ದು. ಕರಗಿದ ಗ್ರೀಸು ಕೆಲಸ ಮಾಡಿತು, ಮರುದಿನ ರಸ್ತೆಯಲ್ಲಿ ಮತ್ತೆ ಹಾಗೆಯೇ ಆಯಿತು. ಕೊನೆಗೆ ಹಬ್ ಬಿಚ್ಚಿ, ಗ್ರೀಸೆಲ್ಲ ತೊಳೆದು, ತೆಳುವಾದ ಎಣ್ಣೆ ಹಾಕಿದ ಮೇಲೆ ಮತ್ತೆ ಆ ತೊಂದರೆ ಬರಲಿಲ್ಲ. ಆ ಊರಿನ ಗಾಳಿ ಸೇರಿದರೆ ಹಬ್ಬಿಗೆ ತಟ್ಟುವುದು ಮೈನಸ್ 40 ಎಂಬುದನ್ನು ನೆನಪಿಡಿ.

ಲೆಕ್ಕ ಬರೆದಿಟ್ಟಿದ್ದೇನೆ: ಸೈಕಲ್ 180, ಹಿಮದಲ್ಲಿ ಜಾರದಂತೆ ಸಣ್ಣ ಮೊಳೆ ಕೂರಿಸಿದ ಟಯರ್ ಎರಡಕ್ಕೆ 170, ಹ್ಯಾಂಡಲ್‌ಗೆ ತೊಡಿಸುವ ಕೈಗವಸು 80, ಕನ್ನಡಕ 60, ಆ ದಂಡದ ರಿಪೇರಿ 65, ಚಳಿಗಾಲ ಮುಗಿಯುವಷ್ಟರಲ್ಲಿ ತುಕ್ಕು ತಿಂದ ಚೈನು ಮತ್ತು ಹಲ್ಲುಚಕ್ರಕ್ಕೆ 90. ಒಟ್ಟು 645 ಡಾಲರ್, ಅದೂ ಮೊದಲ ವರ್ಷಕ್ಕೇ.

ಗೌರಿಬಿದನೂರು, ಈಗ ಫಿನ್ಲೆಂಡಿನ ಓಲು

ಮೇಲಿನ ಉತ್ತರವನ್ನು ಓದಿ ಯಾರೂ ಹೆದರಬೇಕಾಗಿಲ್ಲ. ನಾನಿರುವ ಓಲು ನಗರದಲ್ಲಿ ಮೈನಸ್ 20ರಲ್ಲೂ ಮಕ್ಕಳು ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ, ಅಜ್ಜಿಯರು ಮುಂದಿನ ಬುಟ್ಟಿಯಲ್ಲಿ ದಿನಸಿ ತರುತ್ತಾರೆ. ಚಳಿಗಾಲದ ಸೈಕಲ್ ಸಂಚಾರವನ್ನೇ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ನಡೆದದ್ದು 2013ರಲ್ಲಿ ಇದೇ ಊರಿನಲ್ಲಿ. ಇಲ್ಲಿ ಸೈಕಲ್ ದಾರಿಯ ಹಿಮವನ್ನು ಡಾಂಬರು ಕಾಣುವವರೆಗೆ ಕೆರೆಯುವುದಿಲ್ಲ. ಸಮತಟ್ಟಾಗಿ ಒತ್ತಿ, ಮೇಲೆ ಜಲ್ಲಿಪುಡಿ ಚೆಲ್ಲುತ್ತಾರೆ. ಒಣಚಳಿಯಲ್ಲಿ ಆ ಹಿಮ ಚಕ್ರದಡಿಯಲ್ಲಿ ಅಕ್ಕಿ ಹಿಟ್ಟು ಹಿಸುಕಿದಂತೆ ಕಿರುಗುಟ್ಟುತ್ತದೆಯೇ ಹೊರತು ಜಾರುವುದಿಲ್ಲ. ಜಾರುವುದು ಸೊನ್ನೆಯ ಆಸುಪಾಸಿನಲ್ಲಿ, ಹಗಲು ಕರಗಿದ ನೀರು ರಾತ್ರಿ ಗಾಜಿನಂತೆ ಗಟ್ಟಿಯಾದಾಗ.

ನಾನು ಕಲಿತ ಪಾಠ ಬೆವರಿನದು. ಮೊದಲ ವರ್ಷ ಊರಿನಿಂದ ತಂದ ಎರಡು ಸ್ವೆಟರಿನ ಮೇಲೆ ದಪ್ಪ ಜಾಕೆಟ್ ಹಾಕಿ ಹೊರಟು, ಅರ್ಧ ದಾರಿಗೆ ಬೆವರಿನಿಂದ ತೊಯ್ದು, ಒಂದು ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತಾಗ ಆ ಬೆವರೇ ಐಸಿನಂತಾಗಿ, ಕಚೇರಿಯಲ್ಲಿ ಮಧ್ಯಾಹ್ನದವರೆಗೆ ನಡುಗುತ್ತ ಕುಳಿತಿದ್ದೆ. ಮನೆ ಬಿಡುವಾಗ ಸ್ವಲ್ಪ ಚಳಿಯಾಗುತ್ತಿರಬೇಕು, ಹತ್ತು ನಿಮಿಷದಲ್ಲಿ ಮೈ ತಾನೇ ಕಾಯುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ, ತೆಳ್ಳನೆಯ ಉಣ್ಣೆ ಸಾಕು.

ಇನ್ನೊಂದು ಮಾತು. ಗಾಳಿ ಸೇರಿಸಿ ಹೇಳುವ ಚಳಿಯ ಲೆಕ್ಕ ಬಿಸಿರಕ್ತದ ಚರ್ಮಕ್ಕೆ ಅನ್ವಯಿಸುತ್ತದೆ, ಗ್ರೀಸಿಗಲ್ಲ. ಮೈನಸ್ 27ರಲ್ಲಿ ನಿಂತ ಕಬ್ಬಿಣ ಎಷ್ಟೇ ಗಾಳಿ ಬೀಸಿದರೂ ಮೈನಸ್ 27ಕ್ಕಿಂತ ಕೆಳಗಿಳಿಯುವುದಿಲ್ಲ. ಇದು ಹೈಸ್ಕೂಲಿನ ಭೌತಶಾಸ್ತ್ರ.

ತುಮಕೂರು, ಬಟವಾಡಿ

ಹೈಸ್ಕೂಲನ್ನು ನಾನೂ ಪಾಸು ಮಾಡಿದ್ದೇನೆ. ಮೈನಸ್ 40 ಎಂದದ್ದು ಬರವಣಿಗೆಯ ಭರದಲ್ಲಿ, ತಪ್ಪು ಒಪ್ಪಿದೆ. ಆದರೆ ಹಬ್ಬಿನ ಹಲ್ಲು ಕಚ್ಚದೆ ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದವನು ನಾನು, ನೀವಲ್ಲ. ಊರೇ ಜಲ್ಲಿಪುಡಿ ಚೆಲ್ಲಿ ದಾರಿ ಸಿದ್ಧಮಾಡಿಟ್ಟರೆ ಯಾರು ಬೇಕಾದರೂ ತುಳಿಯಬಹುದು. ನನ್ನ ದಾರಿಯಲ್ಲಿ ಹಿಮ ತಳ್ಳುವ ಗಾಡಿಯವರು ರಸ್ತೆಯ ಹಿಮವನ್ನೆಲ್ಲ ತಂದು ಸೈಕಲ್ ಹೋಗುವ ಅಂಚಿಗೇ ಗುಡ್ಡೆ ಹಾಕುತ್ತಿದ್ದರು.

ಚಿಕ್ಕಬಳ್ಳಾಪುರ, ಪತ್ರಿಕೆ ವಿತರಕ

ನಾನು 22 ವರ್ಷಗಳಿಂದ ಬೆಳಗಿನ ನಾಲ್ಕೂವರೆಗೆ ಸೈಕಲ್ ಹತ್ತುತ್ತಿದ್ದೇನೆ. ಡಿಸೆಂಬರ್ ಬಂತೆಂದರೆ ನಂದಿಬೆಟ್ಟದ ಕಡೆಯಿಂದ ಇಳಿಯುವ ಮಂಜು ಹೆದ್ದಾರಿಯ ಸೇತುವೆಯ ಬಳಿ ಎಷ್ಟು ದಟ್ಟವಾಗಿರುತ್ತದೆಂದರೆ ನನ್ನ ಮುಂದಿನ ಚಕ್ರವೇ ನನಗೆ ಕಾಣುವುದಿಲ್ಲ. ಅಂಗಿಗೂ ಸ್ವೆಟರಿಗೂ ನಡುವೆ ಎದೆಯ ಮೇಲೆ ಹಿಂದಿನ ದಿನದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುತ್ತೇನೆ. ಗಾಳಿ ಒಂದಿಷ್ಟೂ ನುಗ್ಗುವುದಿಲ್ಲ, ಒದ್ದೆಯಾದರೆ ಎಸೆದು ಇನ್ನೊಂದು ಇಟ್ಟುಕೊಳ್ಳಬಹುದು, ಖರ್ಚು ಸೊನ್ನೆ. ಕೈಗೆ ಉಣ್ಣೆಯ ಗವಸು, ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ಕವರು, ತಲೆಗೆ ಮಂಕಿ ಕ್ಯಾಪ್. ನಾಲ್ಕು ವರ್ಷಗಳ ಹಿಂದೆ ಅದೇ ಮಂಜಿನಲ್ಲಿ, ಹಿಂದೆ ದೀಪವಿಲ್ಲದೆ ನಿಲ್ಲಿಸಿದ್ದ ದ್ರಾಕ್ಷಿ ತುಂಬಿದ ಟ್ರಾಕ್ಟರಿಗೆ ಗುದ್ದಿ ಕೊರಳೆಲುಬು ಮುರಿದುಕೊಂಡೆ. ಒಂದೂವರೆ ತಿಂಗಳು ಬದಲಿ ಹುಡುಗನಿಗೆ ಸಂಬಳ ಕೊಟ್ಟದ್ದು 9,000 ರೂಪಾಯಿ, ಕೈತಪ್ಪಿದ ಮನೆಗಳು 31, ಅವುಗಳಲ್ಲಿ ಮರಳಿ ಬಂದವು 12. ಆದ್ದರಿಂದ ಹೇಳುತ್ತೇನೆ, ಚಳಿಗಿಂತ ದೀಪ ಮುಖ್ಯ.

ಗೌರಿಬಿದನೂರು, ಈಗ ಫಿನ್ಲೆಂಡಿನ ಓಲು

ತಮ್ಮ ಶ್ರಮದ ಬಗ್ಗೆ ಗೌರವವಿದೆ. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿ 13ರ 7.8 ಡಿಗ್ರಿ. ನಮ್ಮ ಕಡೆಯೂ ಅದಕ್ಕಿಂತ ಬಹಳ ಬೇರೆಯೇನಲ್ಲ. ಅದನ್ನು ಈ ಪ್ರಶ್ನೆಯ ಚಳಿಯೊಂದಿಗೆ ಹೋಲಿಸುವುದು ಸರಿಯಲ್ಲ.

ಚಿಕ್ಕಬಳ್ಳಾಪುರ, ಪತ್ರಿಕೆ ವಿತರಕ

ನಾನು ಹೋಲಿಸಲಿಲ್ಲ, ನನ್ನ ಅನುಭವ ಹೇಳಿದೆ. ಬಿಸಿನೀರಿನ ಕೊಳವೆ ಹರಿಯುವ ಮನೆಯಿಂದ ಹೊರಟು ಬಿಸಿ ಮಾಡಿದ ಕಚೇರಿಗೆ ಸೇರುವವರ ಮೈನಸ್ 20ಕ್ಕೂ, ಇಬ್ಬನಿ ಸೋರುವ ಶೀಟಿನ ಮನೆಯಿಂದ ಹೊರಟು ಮೂರು ಗಂಟೆ ಬೀದಿಯಲ್ಲೇ ಇರುವವನ 11 ಡಿಗ್ರಿಗೂ ವ್ಯತ್ಯಾಸವಿದೆ ಎಂಬುದನ್ನು ತಾವೂ ಒಪ್ಪಬೇಕು.

ಕೋಲಾರ, ನಿವೃತ್ತ ಸೈನಿಕ

ಲೇಹ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಬಿಡಾರದಿಂದ ಉಗ್ರಾಣಕ್ಕೆ ಎರಡು ಕಿಲೋಮೀಟರ್ ದೂರವನ್ನು ಸರ್ಕಾರಿ ಸೈಕಲ್‌ನಲ್ಲಿ ಕ್ರಮಿಸುತ್ತಿದ್ದೆ, ಅದಕ್ಕೆ ಗೇರೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಒದ್ದೆ ಕಾಲುಚೀಲವನ್ನು ಬದಲಿಸಲು ಸೋಮಾರಿತನ ಮಾಡಿದೆ. ಬಲಗಾಲಿನ ಎರಡು ಬೆರಳುಗಳ ತುದಿ ಮೊದಲು ಚುಚ್ಚಿತು, ಆಮೇಲೆ ಏನೂ ಅನ್ನಿಸಲಿಲ್ಲ. ನೋವು ನಿಂತಿತೆಂದು ನಾನು ಸಂತೋಷಪಟ್ಟೆ. ಬೂಟು ಬಿಚ್ಚಿದಾಗ ಆ ತುದಿಗಳು ಮೇಣದಂತೆ ಬೆಳ್ಳಗಿದ್ದವು. ಜೊತೆಗಾರನೊಬ್ಬ ಉಜ್ಜಲು ಬಂದಾಗ ಹಿರಿಯ ಹವಾಲ್ದಾರರು ಕೈಗೆ ಹೊಡೆದು ಬಿಡಿಸಿದರು. ಉಜ್ಜಿದರೆ ಸತ್ತ ಚರ್ಮ ಹರಿದುಹೋಗುತ್ತದೆ, ಬೆಂಕಿಗೂ ಹಿಡಿಯಬಾರದು, ಉಗುರುಬೆಚ್ಚನೆಯ ನೀರಿನಲ್ಲೇ ಇಡಬೇಕು. ಬೆರಳು ಉಳಿಯಿತು. ಇಂದಿಗೂ ಕೋಲಾರದ ಮಾಗಿಯಲ್ಲಿ ಆ ಎರಡು ಬೆರಳು ಮಾತ್ರ ಬೇರೆಯವರ ಕಾಲಿನವು ಎನ್ನುವಂತಿರುತ್ತವೆ. ಮುಖಕ್ಕೆ ವ್ಯಾಸಲೀನ್ ದಪ್ಪಗೆ ಬಳಿದುಕೊಳ್ಳಿ, ಗಾಳಿ ತಟ್ಟುವುದಿಲ್ಲ.

ಗೌರಿಬಿದನೂರು, ಈಗ ಫಿನ್ಲೆಂಡಿನ ಓಲು

ಕ್ಷಮಿಸಿ, ಕೊನೆಯ ಮಾತು ಅಪಾಯಕಾರಿ. ಇಲ್ಲಿಯ ಸೇನೆಗೆ ಸೇರುವ ಯುವಕರ ಮೇಲೆ ಅಧ್ಯಯನ ನಡೆಸಿದವರು, ಇಂಥ ಮುಲಾಮುಗಳು ಹಿಮಕಡಿತವನ್ನು ತಡೆಯುವುದಿಲ್ಲ, ಮುಖ ಬೆಚ್ಚಗಿದೆ ಎಂಬ ಸುಳ್ಳು ಭಾವನೆಯನ್ನಷ್ಟೇ ಕೊಡುತ್ತವೆ ಎಂದು ತೋರಿಸಿದ್ದಾರೆ. ಹಚ್ಚಿಕೊಂಡವರು ಬಟ್ಟೆ ಸುತ್ತಿಕೊಳ್ಳುವುದನ್ನು ಅಲಕ್ಷಿಸುತ್ತಾರೆ.

ಕೋಲಾರ, ನಿವೃತ್ತ ಸೈನಿಕ

ನನ್ನ ಮುಖ ಇನ್ನೂ ನನ್ನ ಬಳಿಯೇ ಇದೆ. ಅಧ್ಯಯನಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿದ್ದರೆ ಬಂದು ನೋಡಬಹುದು.

ಚಿಂತಾಮಣಿ, ಹಿಂದೆ ಅಮೆರಿಕದ ಮಿನಿಯಾಪೊಲಿಸ್

ನಾನು ಬಿಟ್ಟವನು. ಬಿಟ್ಟವರ ಮಾತನ್ನೂ ಕೇಳಬೇಕೆಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಮಿನಿಯಾಪೊಲಿಸ್‌ನಲ್ಲಿ ಹಳೆಯ ರೈಲುಹಳಿಯ ತಗ್ಗಿನಲ್ಲಿ ಮಾಡಿರುವ ಗ್ರೀನ್‌ವೇ ಎಂಬ ಸೈಕಲ್ ದಾರಿಯಿದೆ. ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ತಿಂಗಳು ಅದರಲ್ಲಿ ಒಮ್ಮೆಯೂ ಬೀಳದೆ ಹೋಗಿಬಂದೆ. ಒಂದು ದಿನ ನೀರು ಹೊಕ್ಕು ಹಿಂಬ್ರೇಕಿನ ಕೇಬಲ್ ಕೊಳವೆಯೊಳಗೇ ಹೆಪ್ಪುಗಟ್ಟಿತು, ಇನ್ನೊಂದು ದಿನ ಬೀಗದ ಕಿಂಡಿ ಹೆಪ್ಪುಗಟ್ಟಿ ಸೈಕಲನ್ನು ಕಂಬಕ್ಕೇ ಬಿಟ್ಟು ಬಂದೆ. ಕಾಲಿನ ನಡುವಿನ ಭಾಗಕ್ಕೆ ಗಾಳಿತಡೆಯುವ ಒಳಉಡುಪು ಹಾಕಬೇಕೆಂದು ಯಾರೂ ಮೊದಲೇ ಹೇಳಿರಲಿಲ್ಲವಾದ್ದರಿಂದ ಅನುಭವಿಸಿದ್ದನ್ನು ಇಲ್ಲಿ ವಿವರಿಸಲಾರೆ. ಇದೆಲ್ಲವನ್ನೂ ಸಹಿಸಿದೆ. ಮಾರ್ಚ್ ಎರಡನೆಯ ವಾರ, ಬಿಸಿಲು ಬಿದ್ದು ಡಾಂಬರು ಕಂಡಿತೆಂದು ಮೊಳೆ ಟಯರ್ ತೆಗೆದು ಸಾಮಾನ್ಯ ಟಯರ್ ಹಾಕಿದೆ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಸೇತುವೆಯ ನೆರಳಿನಲ್ಲಿ, ಕಪ್ಪು ರಸ್ತೆಯೆಂದು ಕಂಡದ್ದು, ಕೆಳಗಿನ ಡಾಂಬರು ಕಾಣುವಷ್ಟು ತೆಳ್ಳನೆಯ ಮಂಜುಗಡ್ಡೆಯಾಗಿತ್ತು.

ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ವಿಮೆ ಕೊಟ್ಟು ಉಳಿದದ್ದು 3,140 ಡಾಲರ್. ನಂತರದ ವ್ಯಾಯಾಮ ಚಿಕಿತ್ಸೆಗೆ ವಾರಕ್ಕೆ 40ರಂತೆ ಒಂಬತ್ತು ವಾರ. ಎಡಗೈಯಲ್ಲಿ ಅನ್ನ ಸಾರು ಕಲಸಿ ತಿಂದ ದಿನಗಳಿಗೆ ಬೆಲೆ ಕಟ್ಟಿಲ್ಲ. ಈಗಲೂ ಮುದ್ದೆ ಮುರಿಯುವಾಗ ಮಣಿಕಟ್ಟು ಚುರುಕ್ ಎನ್ನುತ್ತದೆ.

ತುಮಕೂರು, ಬಟವಾಡಿ

ಬೇಸರವಿಲ್ಲದೆ ಕೇಳಿ: ಮಾರ್ಚಿನಲ್ಲಿ ಮೊಳೆ ಟಯರ್ ತೆಗೆದದ್ದು ನಿಮ್ಮ ತಪ್ಪು, ಸೈಕಲಿನದಲ್ಲ. ನಾನು ಏಪ್ರಿಲ್ ಕೊನೆಯವರೆಗೂ ತೆಗೆಯುತ್ತಿರಲಿಲ್ಲ. ಒಣರಸ್ತೆಯಲ್ಲಿ ಗರಗರ ಸದ್ದು ಮಾಡುತ್ತದೆ, ಮಾಡಲಿ.

ಚಿಂತಾಮಣಿ, ಹಿಂದೆ ಅಮೆರಿಕದ ಮಿನಿಯಾಪೊಲಿಸ್

ತಪ್ಪು ನನ್ನದೆಂದು ಗೊತ್ತಿರುವುದರಿಂದಲೇ ಬರೆದೆ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಎಂಬಂತೆ ತೀರ್ಪು ಕೊಡಲು ನಿಮ್ಮನ್ನು ಯಾರೂ ಕರೆದಿರಲಿಲ್ಲ. 65 ಡಾಲರ್ ಕೊಟ್ಟು ಸೈಕಲಿಗೆ ಬಿಸಿಲು ಕಾಯಿಸಿಕೊಂಡು ಬಂದವರು ನೀವು.

ಚಿಕ್ಕಬಳ್ಳಾಪುರದ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆಗಳು. ಬ್ರೇಕಿನ ವಿಷಯ ಮತ್ತು ಉಬ್ಬಸದ ವಿಷಯ ಇನ್ನೂ ತಿಳಿಯಲಿಲ್ಲ.

ಚಿಕ್ಕಬಳ್ಳಾಪುರ, ಪತ್ರಿಕೆ ವಿತರಕ

ನನಗೂ ಉಬ್ಬಸವಿದೆ ಎಂಬುದನ್ನು ಜಗಳದ ನಡುವೆ ಹೇಳಲಿಲ್ಲ. ಒಣ ತಣ್ಣನೆಯ ಗಾಳಿಯನ್ನು ಏದುಸಿರಿನಲ್ಲಿ ಎಳೆದುಕೊಂಡರೆ ಎದೆ ಬಿಗಿಯುತ್ತದೆ. ಮೂಗು ಬಾಯಿಗೆ ಬಟ್ಟೆ ಸುತ್ತಿ, ಉಸಿರು ಅದರಲ್ಲೇ ಬೆಚ್ಚಗಾಗಿ ಒಳಗೆ ಹೋಗುವಂತೆ ನಿಧಾನವಾಗಿ ತುಳಿಯಿರಿ. ಹೊರಡುವ ಮುನ್ನ ಸೇದುವ ಔಷಧಿಯ ಬಗ್ಗೆ ನಿಮ್ಮ ವೈದ್ಯರನ್ನು ಇಲ್ಲೇ ಕೇಳಿಕೊಂಡು ಹೋಗಿ, ಮತ್ತು ಆ ಡಬ್ಬಿಯನ್ನು ಚೀಲದಲ್ಲಲ್ಲ, ಮೈಗೆ ತಾಗುವಂತೆ ಒಳಜೇಬಿನಲ್ಲಿಡಿ. ತಣ್ಣಗಾದರೆ ಅದು ಸರಿಯಾಗಿ ಚಿಮ್ಮುವುದಿಲ್ಲ.

ಗೌರಿಬಿದನೂರು, ಈಗ ಫಿನ್ಲೆಂಡಿನ ಓಲು

ಇದು ಸರಿಯಾದ ಮಾತು, ಒಪ್ಪುತ್ತೇನೆ. ಬ್ರೇಕಿನ ಬಗ್ಗೆ: ರಿಮ್ಮಿನ ಮೇಲೆ ಹಿಮ ಕಟ್ಟಿಕೊಂಡರೆ ರಿಮ್ ಬ್ರೇಕ್ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ. ಇಲ್ಲಿಯ ಅಜ್ಜಿಯರ ಸೈಕಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನೊಳಗೇ ಹಿಡಿಯುವ ಬ್ರೇಕಿರುತ್ತದೆ. ಕೇಬಲ್ಲೇ ಇಲ್ಲದ ಮೇಲೆ ಹೆಪ್ಪುಗಟ್ಟುವುದೇನು? ಅದು ಸಿಕ್ಕದಿದ್ದರೆ ಡಿಸ್ಕ್. ಸೈಕಲನ್ನು ದಿನವೂ ಬೆಚ್ಚಗಿನ ಕೋಣೆಯೊಳಗೆ ತರಬೇಡಿ. ಕರಗಿದ ನೀರು ಕೀಲುಗಳಿಗೆ ಇಳಿದು, ಮರುದಿನ ಹೊರಗೆ ಹೆಪ್ಪುಗಟ್ಟುತ್ತದೆ. ಮನೆಯೊಳಗೆ ಟಯರಿಗೆ ಗಾಳಿ ತುಂಬಿದರೆ ಹೊರಗೆ ಅದರ ಒತ್ತಡ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ, ಕೋಣೆಯಲ್ಲಿ 60 ಪೌಂಡ್ ಇದ್ದದ್ದು ಮೈನಸ್ 20ರಲ್ಲಿ 50ರ ಹತ್ತಿರಕ್ಕೆ ಇಳಿಯುತ್ತದೆ.

ತುಮಕೂರು, ಬಟವಾಡಿ

ನನ್ನ ಮೊಳೆ ಟಯರ್‌ಗಳು ಮನೆಯ ಅಟ್ಟದ ಮೇಲಿವೆ. ಅಲ್ಲಿಂದ ಇಲ್ಲಿಗೆ ಯಾಕೆ ಹೊತ್ತು ತಂದೆ ಎಂದು ಹೆಂಡತಿ ಪ್ರತಿ ದೀಪಾವಳಿಯಲ್ಲೂ ಕೇಳುತ್ತಾಳೆ. ತಲಾ 240 ಮೊಳೆ, ಅವುಗಳಲ್ಲಿ ಹನ್ನೊಂದು ಮಾತ್ರ ಉದುರಿವೆ. ಹೊರಡುವ ಮೊದಲು ಯಾರಾದರೂ ತುಮಕೂರಿಗೆ ಬಂದರೆ ಕೊಡುತ್ತೇನೆ, ಹಣ ಬೇಡ. ಅಳತೆ 700.

ಚಿಕ್ಕಬಳ್ಳಾಪುರದ ಅಧ್ಯಾಪಕಿ

ತುಂಬಾ ಉಪಕಾರವಾಯಿತು, ಸರ್. ಆದರೆ ಅಲ್ಲಿ ನನಗಾಗಿ ಗೆಳತಿ ಗೊತ್ತುಮಾಡಿಟ್ಟಿರುವ ಸೈಕಲಿನ ಚಕ್ರ 26 ಇಂಚಿನದಂತೆ, ಅದಕ್ಕೆ 700ರ ಟಯರ್ ಕೂರುವುದಿಲ್ಲ.

ಕೋಲಾರ, ನಿವೃತ್ತ ಸೈನಿಕ

ಹಾಗಾದರೆ ಸೈಕಲನ್ನೇ ಬದಲಾಯಿಸಿ, ಟಯರನ್ನು ಬಿಡಬೇಡಿ. ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ವ್ಯಾಸಲೀನ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.